ಪೀಪಾಯಿಯಲ್ಲಿ ಹುಟ್ಟಿದ ನಾದ: ಟ್ರಿನಿಡಾಡ್ ದ್ವೀಪದ ಕಾರ್ನಿವಲ್

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಕ್ರಿಕೆಟ್. ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ 1976ರಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಗೆಲುವಿಗೆ 403 ಓಟಗಳು ಬೇಕಾಗಿದ್ದಾಗ, ನಮ್ಮ ಗುಂಡಪ್ಪ ವಿಶ್ವನಾಥ್ 112 ಓಟಗಳನ್ನು ಗಳಿಸಿ ಭಾರತವನ್ನು ದಡ ಮುಟ್ಟಿಸಲು ನೆರವಾದುದನ್ನು ಹಿರಿಯರು ಇಂದಿಗೂ ಹೇಳುವುದುಂಟು. ಆದರೆ ಆ ದ್ವೀಪದ ಜನರು ಕ್ರಿಕೆಟ್ಟಿನಷ್ಟೇ ಪ್ರೀತಿಯಿಂದ ಇನ್ನೆರಡು ವಿಷಯಗಳನ್ನು ಹೆಸರಿಸುತ್ತಾರೆ. ಒಂದು, ವರ್ಷಕ್ಕೊಮ್ಮೆ ಬರುವ ಕಾರ್ನಿವಲ್ ಎಂಬ ಉತ್ಸವ. ಇನ್ನೊಂದು, ಆ ಉತ್ಸವದ ಬೀದಿಗಳಲ್ಲಿಯೇ ಹುಟ್ಟಿ ಬೆಳೆದ ‘ಸ್ಟೀಲ್‌ಪ್ಯಾನ್’ ಎಂಬ ವಾದ್ಯ.

ಎಣ್ಣೆಯನ್ನು ತುಂಬಿ ಸಾಗಿಸುವ ಉಕ್ಕಿನ ಪೀಪಾಯಿಯನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಅದನ್ನು ಕೋಲಿನಿಂದ ಬಡಿದರೆ ಹೊರಡುವುದು ಕಿವಿಗೆ ಒಗ್ಗದ ಗದ್ದಲ. ಅಂಥ ಪೀಪಾಯಿಯ ತಳದಿಂದಲೇ ಶುದ್ಧವಾದ ಸ್ವರಗಳನ್ನು ಹೊರಡಿಸಿ, ನೂರಾರು ಮಂದಿ ಕೂಡಿ ನುಡಿಸುವ ವಾದ್ಯವನ್ನಾಗಿ ಮಾಡಿದವರು ಯಾರು? ಅವರಿಗೆ ಅದರ ಅಗತ್ಯವಾದರೂ ಏಕೆ ಉಂಟಾಯಿತು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಾವು ಭೌತಶಾಸ್ತ್ರದ ಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಆ ಉತ್ಸವವನ್ನೇ ನೋಡಬೇಕು. ಬನ್ನಿ, ವಾಚಕರೊಡನೆ ಆ ನಗರದ ಬೀದಿಗಳಲ್ಲಿ ಒಂದು ಸುತ್ತು ಬರೋಣ.

ತಿಥಿಯ ಲೆಕ್ಕ

ಟ್ರಿನಿಡಾಡ್ ಕ್ಯಾರಿಬಿಯನ್ ಸಮುದ್ರದ ದಕ್ಷಿಣದ ಅಂಚಿನಲ್ಲಿ, ದಕ್ಷಿಣ ಅಮೆರಿಕದ ವೆನೆಜುವೇಲ ದೇಶಕ್ಕೆ ಅತಿ ಸಮೀಪದಲ್ಲಿರುವ ದ್ವೀಪ. ಅಲ್ಲಿಯ ಕಾರ್ನಿವಲ್ ಮೂಲತಃ ಕ್ಯಾಥೊಲಿಕ್ ಕ್ರೈಸ್ತರ ಪದ್ಧತಿಯಿಂದ ಬಂದದ್ದು. ಈಸ್ಟರ್ ಹಬ್ಬಕ್ಕೆ ಮೊದಲು ನಲವತ್ತು ದಿನಗಳ ವ್ರತವುಂಟು. ವ್ರತ ಆರಂಭವಾಗುವ ‘ಬೂದಿ ಬುಧವಾರ’ಕ್ಕೆ ಹಿಂದಿನ ಸೋಮವಾರ ಮತ್ತು ಮಂಗಳವಾರಗಳೇ ಕಾರ್ನಿವಲ್ಲಿನ ದಿನಗಳು. ಉಪವಾಸಕ್ಕೆ ಮುನ್ನ ಮನಸ್ಸು ತಣಿಯುವಷ್ಟು ಹಾಡಿ ಕುಣಿದುಬಿಡಬೇಕೆಂಬುದು ಅದರ ಆಶಯ.

ಇಲ್ಲಿ ಒಂದು ಸ್ವಾರಸ್ಯವಾದ ಲೆಕ್ಕವಿದೆ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಣ ಭಾನುವಾರವೇ ಈಸ್ಟರ್. ಎಂದರೆ ಈಸ್ಟರ್ ಆ ಹುಣ್ಣಿಮೆ ಕಳೆದು ಒಂದರಿಂದ ಏಳು ದಿನಗಳೊಳಗೆ ಬರುತ್ತದೆ. ಈಸ್ಟರಿನಿಂದ 48 ದಿನ ಹಿಂದಕ್ಕೆ ಎಣಿಸಿದರೆ ಕಾರ್ನಿವಲ್ಲಿನ ಸೋಮವಾರ ಸಿಗುತ್ತದೆ. ಅದು ಹುಣ್ಣಿಮೆಗೆ 41ರಿಂದ 47 ದಿನ ಮೊದಲು. ಚಾಂದ್ರಮಾಸಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳಾದುದರಿಂದ, ಹುಣ್ಣಿಮೆಗೆ ಒಂದೂವರೆ ಮಾಸ ಮೊದಲು, ಎಂದರೆ ಸುಮಾರು 44 ದಿನಗಳ ಹಿಂದೆ, ಅಮಾವಾಸ್ಯೆ ಇದ್ದಿರಲೇಬೇಕು. ಆದಕಾರಣ ಕಾರ್ನಿವಲ್ಲಿನ ಸೋಮವಾರ ಯಾವ ವರ್ಷವೇ ಆಗಲಿ ಅಮಾವಾಸ್ಯೆಯ ಆಚೀಚೆ ಸುಮಾರು ಮೂರು ದಿನಗಳೊಳಗೇ ಬೀಳುತ್ತದೆ.

ನಮ್ಮ ಮಹಾಶಿವರಾತ್ರಿಯೂ ಅಮಾವಾಸ್ಯೆಯ ಹಿಂದಿನ ಚತುರ್ದಶಿಯಲ್ಲವೆ? ಆದುದರಿಂದ ಈ ಎರಡು ಹಬ್ಬಗಳು ಅನೇಕ ವರ್ಷಗಳಲ್ಲಿ ಅಕ್ಕಪಕ್ಕದಲ್ಲಿ ಬರುತ್ತವೆ. ಉಳಿದ ವರ್ಷಗಳಲ್ಲಿ ಅವುಗಳ ನಡುವೆ ಸುಮಾರು ಒಂದು ಚಾಂದ್ರಮಾಸದ ಅಂತರವಿರುತ್ತದೆ. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ರ ಭಾನುವಾರ, ಕಾರ್ನಿವಲ್ ಅದರ ಮರುದಿನದಿಂದ. 2024ರಲ್ಲಾದರೋ ಕಾರ್ನಿವಲ್ ಫೆಬ್ರವರಿ 12ರಂದು ಆರಂಭವಾಗಿ, ಶಿವರಾತ್ರಿ ಮಾರ್ಚ್ 8ರಂದು ಬಂತು. ಟ್ರಿನಿಡಾಡಿನಲ್ಲಿ ಭಾರತೀಯ ಮೂಲದವರು ಜನಸಂಖ್ಯೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿರುವುದರಿಂದ ಅಲ್ಲಿ ಎರಡೂ ಹಬ್ಬಗಳುಂಟು.

ಕತ್ತಲಲ್ಲಿ ಆರಂಭ

ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆಯ ವೇಳೆಗೆ ಉತ್ಸವ ಆರಂಭವಾಗುತ್ತದೆ. ಇದಕ್ಕೆ ‘ಜುವೇ’ ಎಂದು ಹೆಸರು. ಬೆಳಗಾಗುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಮೇಲೆ ಕಂಡ ಲೆಕ್ಕದಂತೆ ಆ ಹೊತ್ತಿಗೆ ಆಕಾಶದಲ್ಲಿ ಚಂದ್ರನಿರುವುದಿಲ್ಲ, ಇದ್ದರೂ ಎಳೆಯಷ್ಟು ಮಾತ್ರ. ಆ ಕತ್ತಲಲ್ಲಿ ಜನರು ಮೈಗೆಲ್ಲ ಕೆಸರು, ಮಸಿ, ಬಣ್ಣಗಳನ್ನು ಬಳಿದುಕೊಂಡು ಗುಂಪುಗುಂಪಾಗಿ ಬೀದಿಗಿಳಿಯುತ್ತಾರೆ. ಕಬ್ಬಿನ ಕಾಕಂಬಿಯನ್ನು ಮೈಗೆ ಮೆತ್ತಿಕೊಂಡ ‘ಜ್ಯಾಬ್ ಮೊಲಾಸಿ’ ಎಂಬ ಪಿಶಾಚಿ ವೇಷದವರು ನೋಡುವವರ ಬಳಿಗೆ ಬಂದು ಹೆದರಿಸಿ ಕಾಸು ಕೇಳುತ್ತಾರೆ. ಸಕ್ಕರೆಯ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳು ಆ ತೋಟದ ಕಾಕಂಬಿಯನ್ನೇ ವೇಷವಾಗಿ ಧರಿಸುವುದರಲ್ಲಿ ಎಷ್ಟು ಅರ್ಥವಿದೆ ಎಂಬುದನ್ನು ವಾಚಕರು ಊಹಿಸಬಹುದು.

ಬೆಳಗಾದಂತೆ ಇತರ ವೇಷಗಳು ಕಾಣಿಸಿಕೊಳ್ಳುತ್ತವೆ. ‘ಡೇಮ್ ಲೊರೇನ್’ ಎಂಬುದು ಹಿಂದಿನ ಕಾಲದ ಫ್ರೆಂಚ್ ಜಮೀನುದಾರರ ಹೆಂಡಿರ ಬೆಡಗನ್ನು ಅಣಕಿಸುವ ವೇಷ. ‘ಮಿಡ್‌ನೈಟ್ ರಾಬರ್’, ಎಂದರೆ ನಡುರಾತ್ರಿಯ ದರೋಡೆಗಾರ, ಕೊಡೆಯಗಲದ ಟೊಪ್ಪಿಗೆಯನ್ನು ಧರಿಸಿ, ತನ್ನ ಪರಾಕ್ರಮವನ್ನು ಉದ್ದುದ್ದ ಮಾತುಗಳಲ್ಲಿ ಕೊಚ್ಚಿಕೊಂಡು, ಕೇಳುವವನು ಸೋತು ಕಾಸು ಕೊಡುವವರೆಗೂ ಬಿಡುವುದಿಲ್ಲ. ‘ಪಿಯರೋ ಗ್ರೆನೇಡ್’ ಚಿಂದಿಬಟ್ಟೆಯ ಪಂಡಿತ. ಯಾವ ಕಠಿಣ ಪದವನ್ನು ಕೊಟ್ಟರೂ ಅದರ ಅಕ್ಷರಗಳಿಗೆ ಒಂದೊಂದು ಕಥೆ ಕಟ್ಟಿ ಹೇಳುವುದು ಅವನ ವಿದ್ಯೆ. ‘ಬರೋಕೀಟ್’ ಎಂಬ ವೇಷದಲ್ಲಿ ಮನುಷ್ಯನೊಬ್ಬ ಸೊಂಟಕ್ಕೆ ಕತ್ತೆಯ ಆಕಾರವನ್ನು ಕಟ್ಟಿಕೊಂಡು ಅದನ್ನು ಸವಾರಿ ಮಾಡುವಂತೆ ಕುಣಿಯುತ್ತಾನೆ. ನಮ್ಮ ಜಾತ್ರೆಗಳಲ್ಲಿ ಕೀಲುಕುದುರೆಯನ್ನು ಕಂಡವರಿಗೆ ಇದು ಬಹಳ ಪರಿಚಿತವಾಗಿ ತೋರೀತು.

ಎಲ್ಲಕ್ಕಿಂತ ಎತ್ತರದ ವೇಷ ‘ಮೋಕೋ ಜಂಬಿ’. ಇದು ಪಶ್ಚಿಮ ಆಫ್ರಿಕದಿಂದ ಬಂದ ಮರಗಾಲಿನ ಕುಣಿತ. ಆಳೆತ್ತರವನ್ನೂ ಮೀರಿದ ಮರಗಾಲುಗಳ ಮೇಲೆ ನಿಂತು ಕುಣಿಯುವವನು ಬೀಳುವುದಿಲ್ಲವೇಕೆ? ಅಂಗೈಯ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಲು ಯತ್ನಿಸಿ. ಅದು ಕ್ಷಣದಲ್ಲಿ ಬೀಳುತ್ತದೆ. ಅನಂತರ ಉದ್ದನೆಯ ಕೋಲೊಂದನ್ನು ನಿಲ್ಲಿಸಿ ನೋಡಿ. ಕೈಯನ್ನು ಆಚೀಚೆ ಸರಿಸುತ್ತ ಅದನ್ನು ಬಹಳ ಹೊತ್ತು ಕಾಪಾಡಬಹುದು. ಕೋಲು ವಾಲಲು ಹಿಡಿಯುವ ಕಾಲ ಅದರ ಉದ್ದದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಉದ್ದ ನಾಲ್ಕು ಪಟ್ಟಾದರೆ ಸಾವರಿಸಿಕೊಳ್ಳಲು ಎರಡು ಪಟ್ಟು ವೇಳೆ ಸಿಗುತ್ತದೆ. ಆದರೆ ಮರಗಾಲಿನ ತುದಿ ಬಹಳ ಕಿರಿದಾದುದರಿಂದ ಅಲ್ಲಾಡದೆ ನಿಲ್ಲುವುದು ಸಾಧ್ಯವಿಲ್ಲ. ಆದ್ದರಿಂದಲೇ ಮೋಕೋ ಜಂಬಿ ಸದಾ ಹೆಜ್ಜೆ ಹಾಕುತ್ತಲೇ ಇರುತ್ತಾನೆ.

ಮಂಗಳವಾರ ಹೊಳೆಯುವ ಉಡುಪುಗಳ ದೊಡ್ಡ ಮೆರವಣಿಗೆಗಳ ದಿನ. ಸಾವಿರಾರು ಮಂದಿಯ ತಂಡಗಳು ಒಂದೇ ವಸ್ತುವನ್ನು ಕುರಿತ ವೇಷಗಳಲ್ಲಿ ನಗರವನ್ನು ಸುತ್ತುತ್ತವೆ. ಮಂಗಳವಾರ ನಡುರಾತ್ರಿಗೆ ಎಲ್ಲವೂ ನಿಲ್ಲಬೇಕು. ಆ ಕೊನೆಯ ಕುಣಿತಕ್ಕೆ ‘ಲಾಸ್ ಲ್ಯಾಪ್’ ಎಂದು ಹೆಸರು.

ನಿಷೇಧಗಳ ಇತಿಹಾಸ

ಇಷ್ಟು ಸಂತೋಷದ ಉತ್ಸವದ ಹಿಂದೆ ಕಹಿಯಾದ ಇತಿಹಾಸವಿದೆ. 1783ರಲ್ಲಿ ಸ್ಪೇನಿನ ದೊರೆ ಹೊರಡಿಸಿದ ಶಾಸನದ ಫಲವಾಗಿ ಫ್ರೆಂಚ್ ಜಮೀನುದಾರರು ತಮ್ಮ ಗುಲಾಮರೊಡನೆ ಟ್ರಿನಿಡಾಡಿಗೆ ಬಂದು ನೆಲಸಿದರು. ಕಾರ್ನಿವಲ್ಲಿನ ಮುಖವಾಡದ ನೃತ್ಯಗಳನ್ನು ತಂದವರು ಇವರೇ. ಆದರೆ ಅದು ಒಡೆಯರ ಹಬ್ಬವಾಗಿತ್ತು. ಗುಲಾಮರಿಗೆ ಅದರಲ್ಲಿ ಪಾಲಿರಲಿಲ್ಲ. 1797ರಲ್ಲಿ ದ್ವೀಪ ಬ್ರಿಟಿಷರ ವಶವಾಯಿತು. 1834ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದರೂ, ಗುಲಾಮರು ನಿಜವಾಗಿ ಸ್ವತಂತ್ರರಾದುದು 1838ರಲ್ಲಿ.

ಬಿಡುಗಡೆ ಪಡೆದ ಜನರು ಬೀದಿಗಿಳಿದು ಕಾರ್ನಿವಲ್ಲನ್ನು ತಮ್ಮದನ್ನಾಗಿ ಮಾಡಿಕೊಂಡರು. ಹಿಂದೆ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗಲೆಲ್ಲ ಗುಲಾಮರನ್ನು ಪಂಜಿನ ಬೆಳಕಿನಲ್ಲಿ ಅಟ್ಟಿಕೊಂಡು ಹೋಗಿ ಕಬ್ಬನ್ನು ಕಡಿಸುತ್ತಿದ್ದರು. ಆ ನೆನಪನ್ನೇ ಅವರು ಪಂಜಿನ ಮೆರವಣಿಗೆಯಾಗಿ ಆಡಿ ತೋರಿಸಿದರು. ಇದೇ ‘ಕ್ಯಾನ್‌ಬುಲೇ’, ಎಂದರೆ ಸುಟ್ಟ ಕಬ್ಬು. ಚರ್ಮದ ಮದ್ದಳೆಗಳ ಬಡಿತ, ಮುಂದಾಳಿನ ಹಾಡು, ‘ಕಲಿಂದಾ’ ಎಂಬ ದೊಣ್ಣೆವರಸೆ ಇವು ಅದರ ಅಂಗಗಳು. ಈ ಮುಂದಾಳುಗಳ ಹಾಡಿನಿಂದಲೇ ಮುಂದೆ ಕ್ಯಾಲಿಪ್ಸೊ ಎಂಬ ಗೀತಪ್ರಕಾರ ಬೆಳೆಯಿತು.

ಸರ್ಕಾರ ಇದನ್ನು ಭಯದಿಂದ ನೋಡಿತು. 1881ರ ಕಾರ್ನಿವಲ್ಲಿನಲ್ಲಿ ಪೊಲೀಸರು ಪಂಜುಗಳನ್ನೂ ದೊಣ್ಣೆಗಳನ್ನೂ ಕಿತ್ತುಕೊಳ್ಳಲು ಬಂದಾಗ ಪೋರ್ಟ್ ಆಫ್ ಸ್ಪೇನ್ ಬೀದಿಗಳಲ್ಲಿ ದೊಡ್ಡ ಹೊಡೆದಾಟವಾಯಿತು. 1884ರಲ್ಲಿ ಬಂದ ಹೊಸ ಕಾನೂನು ಪಂಜಿನ ಮೆರವಣಿಗೆಯನ್ನೂ ಮದ್ದಳೆಯ ಬಡಿತವನ್ನೂ ದೊಣ್ಣೆ ಹಿಡಿದವರ ಗುಂಪನ್ನೂ ಅಡಗಿಸಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ದುರಂತ ಸಂಭವಿಸಿತು. ಗುಲಾಮರ ದುಡಿಮೆ ನಿಂತ ಮೇಲೆ ತೋಟಗಳಿಗೆ ಕೂಲಿಯಾಳುಗಳನ್ನು ಭಾರತದಿಂದ ತರಲಾಗುತ್ತಿತ್ತು. 1845ರ ಮೇ 30ರಂದು ಮೊದಲ ಹಡಗು ಬಂದಂದಿನಿಂದ 1917ರವರೆಗೆ ಸುಮಾರು 1,44,000 ಮಂದಿ ಕರಾರಿನ ಕೂಲಿಗಳಾಗಿ ಬಂದರು. ಅವರಲ್ಲಿ ಬಹುಮಂದಿ ಇಂದಿನ ಉತ್ತರಪ್ರದೇಶ ಮತ್ತು ಬಿಹಾರಗಳ ಕಡೆಯವರು. ಕೆಲವರು ಮದರಾಸಿನಲ್ಲಿ ಹಡಗು ಹತ್ತಿದವರು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಆಚರಿಸುತ್ತಿದ್ದ ಮೊಹರಮ್ಮಿಗೆ ಅಲ್ಲಿ ‘ಹೊಸೇ’ ಎಂದು ಹೆಸರು. 1884ರ ಹೊಸೇ ಮೆರವಣಿಗೆ ಸ್ಯಾನ್ ಫರ್ನಾಂಡೊ ಪಟ್ಟಣವನ್ನು ಪ್ರವೇಶಿಸಬಾರದೆಂಬ ಆಜ್ಞೆಯನ್ನು ಮೀರಿದಾಗ ಪೊಲೀಸರು ಗುಂಡು ಹಾರಿಸಿ ಹಲವರನ್ನು ಕೊಂದರು. ಆ ಮೆರವಣಿಗೆಯ ವಾದ್ಯವಾದ ‘ತಾಸಾ’ ಇಂದಿಗೂ ಟ್ರಿನಿಡಾಡಿನಲ್ಲಿ ಉಳಿದಿದೆ. ಮೇಕೆಯ ಚರ್ಮದ ಈ ವಾದ್ಯವನ್ನು ನುಡಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿದೊಡನೆ ಚರ್ಮ ಬಿಗಿದು ಸ್ವರ ಏರುತ್ತದೆ. ನಮ್ಮ ಹಳ್ಳಿಗಳಲ್ಲಿ ತಮಟೆಯನ್ನು ಕಾಯಿಸುವುದು ಇದೇ ಕಾರಣಕ್ಕಾಗಿ.

ಬಿದಿರು, ಡಬ್ಬ, ಪೀಪಾಯಿ

ಮದ್ದಳೆಯನ್ನು ಕಸಿದುಕೊಂಡರೆ ತಾಳ ನಿಲ್ಲುವುದೆ? ಜನರು ಬಿದಿರಿನ ಮೆಳೆಗೆ ಹೋದರು. ಬೇರೆ ಬೇರೆ ಉದ್ದಕ್ಕೆ ಬಿದಿರನ್ನು ಕಡಿದು, ಕೆಲವನ್ನು ನೆಲಕ್ಕೆ ಕುಟ್ಟಿ, ಕೆಲವನ್ನು ಒಂದಕ್ಕೊಂದು ತಾಗಿಸಿ, ಕೆಲವನ್ನು ಕೋಲಿನಿಂದ ಬಡಿದು ಮೇಳ ಕಟ್ಟಿದರು. ಇದೇ ‘ಟಾಂಬೂ ಬ್ಯಾಂಬೂ’. ದೊಡ್ಡ ಕೊಳವೆ ಸುಮಾರು ಐದು ಅಡಿಯದು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಗಾಳಿಯ ಕಂಪನದ ಅಲೆಯುದ್ದ ಕೊಳವೆಯ ನಾಲ್ಕರಷ್ಟೆಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರೆಂದು ಹಿಡಿದರೆ, ಐದು ಅಡಿಯ ಕೊಳವೆಯ ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು 56 ಆಗುತ್ತದೆ. ಒಂದು ಅಡಿಯ ತುಂಡಾದರೆ ಅದರ ಐದು ಪಟ್ಟು. ಗಂಭೀರಸ್ವರ, ಮಧ್ಯಸ್ವರ, ಏರುಸ್ವರ ಎಂದು ಮೇಳದಲ್ಲಿ ಭೇದವುಂಟಾದುದು ಹೀಗೆ.

ಆದರೆ ಬಿದಿರು ಬೇಗ ಸೀಳುತ್ತದೆ. 1930ರ ದಶಕದ ಕೊನೆಯಲ್ಲಿ ಪೋರ್ಟ್ ಆಫ್ ಸ್ಪೇನಿನ ಬಡ ಕೇರಿಗಳ ಹುಡುಗರು ಬಿದಿರಿನ ಜೊತೆಗೆ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳ, ಮೋಟಾರಿನ ಬ್ರೇಕ್ ಚಕ್ರ ಇವನ್ನೆಲ್ಲ ಬಡಿಯತೊಡಗಿದರು. ಬಹಳ ಹೊತ್ತು ಬಡಿದಾಗ ಡಬ್ಬದ ತಳ ಅಲ್ಲಲ್ಲಿ ತಗ್ಗು ಬಿದ್ದು, ಒಂದೊಂದು ಕಡೆ ಒಂದೊಂದು ಸ್ವರ ಬರುವುದನ್ನು ಅವರು ಗಮನಿಸಿದರು. ಹೀಗೆ ಮೊದಲು ಗಮನಿಸಿದವರು ಯಾರೆಂಬ ವಿಷಯದಲ್ಲಿ ಒಂದೊಂದು ಕೇರಿಗೂ ಒಂದೊಂದು ಕಥೆಯುಂಟು. ವಿನ್‌ಸ್ಟನ್ ಸ್ಪ್ರೀ ಸೈಮನ್, ನೆವಿಲ್ ಜೂಲ್ಸ್, ಎಲಿ ಮ್ಯಾನೆಟ್ ಇವರೆಲ್ಲರ ಹೆಸರುಗಳೂ ಈ ಇತಿಹಾಸದಲ್ಲಿ ಬರುತ್ತವೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಕಾರ್ನಿವಲ್ಲೇ ನಿಷಿದ್ಧವಾಯಿತು. ಆದರೆ ಕೇರಿಗಳ ಹಿತ್ತಲಲ್ಲಿ ಸುತ್ತಿಗೆಯ ಸದ್ದು ನಿಲ್ಲಲಿಲ್ಲ. ಟ್ರಿನಿಡಾಡಿನಲ್ಲಿ ಎಣ್ಣೆಯ ಬಾವಿಗಳುಂಟು. ಜೊತೆಗೆ ಅಮೆರಿಕದ ಸೇನಾನೆಲೆಗಳೂ ಬಂದವು. ಹೀಗಾಗಿ 55 ಗ್ಯಾಲನ್ನಿನ, ಎಂದರೆ ಸುಮಾರು 208 ಲೀಟರಿನ, ಖಾಲಿ ಪೀಪಾಯಿಗಳಿಗೆ ಕೊರತೆಯಿರಲಿಲ್ಲ. 1946ರಲ್ಲಿ ಉತ್ಸವ ಮತ್ತೆ ಬೀದಿಗೆ ಬಂದಾಗ ತಗಡಿನ ವಾದ್ಯ ತಾಳವನ್ನಷ್ಟೇ ಅಲ್ಲದೆ ಹಾಡನ್ನೂ ನುಡಿಸುತ್ತಿತ್ತು. ಮೊದಲು ಉಬ್ಬಿದ್ದ ವಾದ್ಯದ ಮುಖವನ್ನು ಬಟ್ಟಲಿನಂತೆ ತಗ್ಗಿಸಿ, ಬಡಿಯುವ ಕೋಲಿಗೆ ರಬ್ಬರ್ ಸುತ್ತಿ, ದೊಡ್ಡ ಪೀಪಾಯಿಯನ್ನು ಬಳಕೆಗೆ ತಂದ ಕೀರ್ತಿ ಬಹುಮಟ್ಟಿಗೆ ಎಲಿ ಮ್ಯಾನೆಟ್ ಅವರಿಗೆ ಸಲ್ಲುತ್ತದೆ.

ಎರಡು ಬಗೆಯ ಉತ್ತರ

ಈಗ ಭೌತಶಾಸ್ತ್ರದ ಪ್ರಶ್ನೆಗೆ ಬರೋಣ. ವೀಣೆಯ ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನಸಂಖ್ಯೆಯ ಉಪಸ್ವರಗಳೂ ಹೊರಡುತ್ತವೆ. ಅವು ಪೂರ್ಣಸಂಖ್ಯೆಗಳಾದುದರಿಂದಲೇ ನಾದ ಒಂದಾಗಿ ಬೆರೆತು ಇಂಪಾಗಿರುತ್ತದೆ. ಆದರೆ ದುಂಡಾಗಿ ಬಿಗಿದ ಚರ್ಮದ ಉಪಸ್ವರಗಳು ಮೂಲಸ್ವರದ 1.59, 2.14, 2.30, 2.65 ಪಟ್ಟು ಎಂಬಂತೆ ಬರುತ್ತವೆ. ಇವು ಒಂದಕ್ಕೊಂದು ಹೊಂದುವುದಿಲ್ಲ. ಚಪ್ಪಟೆಯಾದ ಲೋಹದ ತಗಡಿನ ಸ್ಥಿತಿಯೂ ಇದೇ. ಮದ್ದಳೆಯಲ್ಲಾಗಲಿ ತಗಡಿನಲ್ಲಾಗಲಿ ಖಚಿತವಾದ ಸ್ವರ ಕೇಳಿಸದಿರುವುದು ಇದರಿಂದ.

ಈ ತೊಡಕಿಗೆ ನಮ್ಮ ದೇಶದ ವಾದ್ಯಗಾರರು ಶತಮಾನಗಳ ಹಿಂದೆಯೇ ಒಂದು ಉತ್ತರ ಕಂಡಿದ್ದರು. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯೇ ಆ ಉತ್ತರ. ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಶಿವಕಾಲಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೂ ಇದನ್ನು ವಿವರಿಸಿದರು. ನಡುವೆ ಭಾರ ಹೇರಿದುದರಿಂದ ಚರ್ಮದ ಕಂಪನಗಳು ಸರಿಹೊಂದಿ, ಉಪಸ್ವರಗಳು 1, 2, 3, 4, 5 ಎಂಬ ಪ್ರಮಾಣಕ್ಕೆ ಬರುತ್ತವೆಂದು ಅವರು ತೋರಿಸಿಕೊಟ್ಟರು.

ಟ್ರಿನಿಡಾಡಿನ ಕುಶಲಿಗಳು ಕಂಡುಕೊಂಡ ಉತ್ತರ ಬೇರೆ ಬಗೆಯದು. ಅವರು ಭಾರವನ್ನು ಸೇರಿಸದೆ ಆಕಾರವನ್ನು ಬದಲಿಸಿದರು. ಪೀಪಾಯಿಯ ತಳದ ವ್ಯಾಸ ಸುಮಾರು 57 ಸೆಂಟಿಮೀಟರ್. ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಮೊದಲು ದೊಡ್ಡ ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದು ಅದನ್ನು ಸುಮಾರು 20 ಸೆಂಟಿಮೀಟರ್ ಆಳದ ಬಟ್ಟಲಾಗಿ ತಗ್ಗಿಸುತ್ತಾರೆ. ಇದನ್ನು ಗೋಳದ ಒಂದು ಭಾಗವೆಂದು ಭಾವಿಸಿ ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು: ವಿಸ್ತೀರ್ಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಲೋಹದ ಗಾತ್ರ ಬದಲಾಗದುದರಿಂದ ದಪ್ಪ ಸರಾಸರಿ ಮೂರನೆಯ ಎರಡು ಪಾಲಿಗೆ ಇಳಿಯುತ್ತದೆ. ತಗಡು ಹರಿಯದಂತೆ ಇಷ್ಟು ಹಿಗ್ಗಿಸುವುದೇ ಒಂದು ದೊಡ್ಡ ಕೌಶಲ.

ಅನಂತರ ಉಳಿಯಂಥ ಮೊಳೆಯಿಂದ ಸಾಲಾಗಿ ಕುಟ್ಟಿ ಸ್ವರಗಳ ಎಲ್ಲೆಗಳನ್ನು ಗುರುತಿಸಿ, ಪೀಪಾಯಿಯನ್ನು ಬೇಕಾದ ಎತ್ತರಕ್ಕೆ ಕತ್ತರಿಸಿ, ಬೆಂಕಿಯ ಮೇಲೆ ಸ್ವಲ್ಪ ಹೊತ್ತು ಕಾಯಿಸುತ್ತಾರೆ. ಸುತ್ತಿಗೆಯ ಪೆಟ್ಟಿನಿಂದ ಉಕ್ಕಿನ ಹರಳುಗಳ ಜೋಡಣೆಯಲ್ಲಿ ಅಸಂಖ್ಯಾತ ಎಡೆತಪ್ಪುಗಳು ಉಂಟಾಗಿರುತ್ತವೆ. ಕಾಯಿಸಿದಾಗ ಉಕ್ಕಿನಲ್ಲಿರುವ ಇಂಗಾಲ ಮತ್ತು ಸಾರಜನಕದ ಪರಮಾಣುಗಳು ಸರಿದು ಬಂದು ಆ ಎಡೆತಪ್ಪುಗಳಲ್ಲಿ ನೆಲಸಿ, ಅವು ಮತ್ತೆ ಜಾರದಂತೆ ತಡೆಯುತ್ತವೆ. ಇದರಿಂದ ಉಕ್ಕು ಗಡುಸಾಗಿ, ಮುಂದೆ ಕೂಡಿಸುವ ಶ್ರುತಿ ಬಹುಕಾಲ ನಿಲ್ಲುತ್ತದೆ. ಲೋಹಶಾಸ್ತ್ರದ ಈ ಮಾತನ್ನು ಕೇಳಿರದ ಜನರು ಬೆಂಕಿಯ ಬಣ್ಣವನ್ನೂ ತಗಡಿನ ಬಣ್ಣವನ್ನೂ ನೋಡಿಯೇ ಈ ಹದವನ್ನು ಕಲಿತರು.

ಕೊನೆಯದು ಶ್ರುತಿ ಮಾಡುವ ಕೆಲಸ. ಒಂದೊಂದು ಸ್ವರದ ಎಡೆಯನ್ನೂ ಕೆಳಗಿನಿಂದ ಮೆಲ್ಲನೆ ಬಡಿದು ಮೇಲಕ್ಕೆ ಉಬ್ಬಿಸುತ್ತಾರೆ. ಉಬ್ಬು ಹೆಚ್ಚಿದಂತೆ ಬಿಗುವು ಹೆಚ್ಚಿ ಸ್ವರ ಏರುತ್ತದೆ. ಆ ಎಡೆ ಇಡಿಯಾಗಿ ಕಂಪಿಸಿದಾಗ ಮೂಲಸ್ವರ ಬರುತ್ತದೆ; ಉದ್ದದಲ್ಲಿ ಎರಡು ಭಾಗವಾಗಿ ಕಂಪಿಸಿದಾಗ ಒಂದು ಉಪಸ್ವರ, ಅಗಲದಲ್ಲಿ ಎರಡು ಭಾಗವಾಗಿ ಕಂಪಿಸಿದಾಗ ಇನ್ನೊಂದು. ಉದ್ದ ಅಗಲಗಳ ಹಾಗೂ ಉಬ್ಬಿನ ಆಕಾರವನ್ನು ತಿದ್ದುತ್ತ ಹೋಗಿ, ಮೊದಲನೆಯ ಉಪಸ್ವರವನ್ನು ಮೂಲದ ಎರಡು ಪಟ್ಟಿಗೂ ಇನ್ನೊಂದನ್ನು ಮೂರು ಪಟ್ಟಿಗೂ ತಂದು ಕೂಡಿಸಿದರೆ ಆ ತಗಡಿನಿಂದ ತಂತಿಯಂಥ ನಾದ ಹೊರಡುತ್ತದೆ. ಉಪಸ್ವರಗಳನ್ನೂ ಬೇರೆಯಾಗಿ ಶ್ರುತಿಗೂಡಿಸುವ ಈ ಕಲೆಯನ್ನು ಬೆಳೆಸಿದವರಲ್ಲಿ ಬರ್ಟಿ ಮಾರ್ಷಲ್ ಪ್ರಮುಖರು.

ಜೇಡರ ಬಲೆ

ಒಂದೇ ಬಟ್ಟಲಿನಲ್ಲಿ ಇಪ್ಪತ್ತೆಂಟು ಮೂವತ್ತು ಸ್ವರಗಳು. ಒಂದನ್ನು ಬಡಿದರೆ ನೆರೆಯದೂ ನಡುಗದಿರುವುದೆ? ನಡುಗಿಯೇ ನಡುಗುತ್ತದೆ. ಆದುದರಿಂದ ಯಾವ ಸ್ವರಕ್ಕೆ ಯಾವುದು ನೆರೆಯಾಗಬೇಕೆಂಬುದು ಬಹಳ ಮುಖ್ಯ. ಆಂಥನಿ ವಿಲಿಯಮ್ಸ್ ಅವರು 1950ರ ದಶಕದಲ್ಲಿ ರೂಪಿಸಿದ ‘ಜೇಡರ ಬಲೆ’ಯ ಜೋಡಣೆ ಇದಕ್ಕೆ ಸೊಗಸಾದ ಪರಿಹಾರ. ಹೊರಸುತ್ತಿನಲ್ಲಿ ಹನ್ನೆರಡು ಸ್ವರಗಳನ್ನು, ಪ್ರತಿಯೊಂದಕ್ಕೂ ಅದರ ಪಂಚಮವೇ ನೆರೆಯಾಗುವಂತೆ, ವೃತ್ತವಾಗಿ ಇಡಲಾಗುತ್ತದೆ. ಷಡ್ಜದ ಪಕ್ಕದಲ್ಲಿ ಪಂಚಮ, ಆ ಪಂಚಮವನ್ನೇ ಷಡ್ಜವೆಂದು ತಿಳಿದರೆ ಅದರ ಪಂಚಮ, ಹೀಗೆ ಹನ್ನೆರಡು ಹೆಜ್ಜೆಗೆ ಹೊರಟಲ್ಲಿಗೆ ಬರುತ್ತೇವೆ. ಮೂರನ್ನು ಎರಡರಿಂದ ಭಾಗಿಸಿ ಬಂದುದನ್ನು ಹನ್ನೆರಡು ಸಲ ಗುಣಿಸಿದರೆ 129.7, ಏಳು ಸ್ಥಾಯಿಗಳ ಗುಣಲಬ್ಧ 128. ಈ ಚಿಕ್ಕ ವ್ಯತ್ಯಾಸವನ್ನು ಹನ್ನೆರಡಕ್ಕೂ ಹಂಚಿಬಿಡುತ್ತಾರೆ. ಪ್ರತಿ ಸ್ವರದ ಒಳಮಗ್ಗುಲಲ್ಲಿ ಅದೇ ಸ್ವರದ ಮೇಲಿನ ಸ್ಥಾಯಿ ಇರುತ್ತದೆ. ಷಡ್ಜವನ್ನು ಬಡಿದಾಗ ಅದರ ಎರಡನೆಯ ಪಟ್ಟಿಗೆ ಒಳಗಿನ ತಾರಷಡ್ಜ ಅನುರಣಿಸುತ್ತದೆ. ಅದರ ಮೂರನೆಯ ಪಟ್ಟು ನೆರೆಯ ಪಂಚಮದ ಎರಡನೆಯ ಪಟ್ಟಿಗೆ ಸಮನಾಗಿ ಅದೂ ದನಿಗೂಡಿಸುತ್ತದೆ. ನೆರೆಯವರ ನಡುಕ ಇಲ್ಲಿ ಕಲಬೆರಕೆಯಾಗದೆ ನಾದಕ್ಕೆ ಪುಷ್ಟಿ ಕೊಡುತ್ತದೆ.

ಕೇರಿಯಿಂದ ಲಾಂಛನಕ್ಕೆ

ಇಷ್ಟೆಲ್ಲ ಸಾಧಿಸಿದ ಜನರನ್ನು ಅಂದಿನ ಸಮಾಜ ಹೇಗೆ ಕಂಡಿತು? ಪ್ಯಾನ್ ನುಡಿಸುವವನೆಂದರೆ ಪುಂಡನೆಂದೇ ಅರ್ಥವಾಗಿತ್ತು. ಮರ್ಯಾದಸ್ಥರ ಮನೆಯ ಮಕ್ಕಳು ಆ ಹಿತ್ತಲುಗಳ ಕಡೆ ಸುಳಿಯುವಂತಿರಲಿಲ್ಲ. ಡೆಸ್ಪರೇಡೋಸ್, ಇನ್‌ವೇಡರ್ಸ್, ಟೋಕಿಯೊ, ಕ್ಯಾಸಾಬ್ಲಾಂಕ ಎಂದು ಯುದ್ಧದ ಸುದ್ದಿಗಳಿಂದಲೂ ಸಿನಿಮಾಗಳಿಂದಲೂ ಹೆಸರುಗಳನ್ನು ಆಯ್ದುಕೊಂಡ ತಂಡಗಳು ಬೀದಿಯಲ್ಲಿ ಎದುರಾದಾಗ ಹೊಡೆದಾಡುತ್ತಿದ್ದುದೂ ನಿಜ. ಈ ಜಗಳಗಳ ಕಾರಣವನ್ನು ವಿಚಾರಿಸಲು 1949ರಲ್ಲಿ ಸರ್ಕಾರ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. 1951ರಲ್ಲಿ ಬೇರೆ ಬೇರೆ ತಂಡಗಳಿಂದ ಆಯ್ದ ವಾದಕರ ಮೇಳವೊಂದು ‘ಟ್ಯಾಸ್ಪೊ’ ಎಂಬ ಹೆಸರಿನಲ್ಲಿ ಲಂಡನ್ನಿನ ಬ್ರಿಟನ್ ಉತ್ಸವಕ್ಕೆ ಹೋಯಿತು. ಅದನ್ನು ಸಿದ್ಧಪಡಿಸಿದ ಜೋಸೆಫ್ ಗ್ರಿಫಿತ್ ಅವರು ಒಂದು ಸ್ಥಾಯಿಯ ಹನ್ನೆರಡು ಸ್ವರಗಳೂ ವಾದ್ಯದಲ್ಲಿರಲೇಬೇಕೆಂದು ಪಟ್ಟು ಹಿಡಿದರು. ತುಕ್ಕು ಹಿಡಿದ ಪೀಪಾಯಿಗಳನ್ನು ಕಂಡು ಸಂದೇಹಪಟ್ಟ ಲಂಡನ್ನಿನ ಜನರು ನಾದವನ್ನು ಕೇಳಿ ಬೆರಗಾದರು.

ದೇಶ ಸ್ವತಂತ್ರವಾದುದು 1962ರಲ್ಲಿ. ಮರುವರ್ಷ ‘ಪನೋರಮ’ ಎಂಬ ಸ್ಪರ್ಧೆ ಆರಂಭವಾಗಿ, ಆಂಥನಿ ವಿಲಿಯಮ್ಸ್ ಅವರ ನಾರ್ತ್ ಸ್ಟಾರ್ಸ್ ತಂಡ ಮೊದಲ ಬಹುಮಾನವನ್ನು ಪಡೆಯಿತು. ಇಂದು ಕಾರ್ನಿವಲ್ಲಿಗೆ ವಾರಗಳ ಮುಂಚೆಯೇ ಪ್ರತಿ ಸಂಜೆ ‘ಪ್ಯಾನ್‌ಯಾರ್ಡ್’ ಎಂಬ ಅಂಗಳಗಳಲ್ಲಿ ಅಭ್ಯಾಸ ನಡೆಯುತ್ತದೆ. ದೊಡ್ಡ ತಂಡದಲ್ಲಿ ನೂರಕ್ಕೂ ಹೆಚ್ಚು ವಾದಕರು. ಅವರಲ್ಲಿ ಶಾಲೆಯ ಬಾಲಕಬಾಲಕಿಯರೂ ಅಜ್ಜಂದಿರೂ ಇರುತ್ತಾರೆ. ಬಹುಮಂದಿ ಸ್ವರಲಿಪಿಯನ್ನು ನೋಡದೆ ಪೂರ್ತಿ ಸಂಗೀತವನ್ನು ಕಂಠಪಾಠ ಮಾಡಿಯೇ ನುಡಿಸುತ್ತಾರೆ. ನಡುವೆ ಹಳೆಯ ಬ್ರೇಕ್ ಚಕ್ರಗಳನ್ನು ಕಬ್ಬಿಣದ ಸರಳಿನಿಂದ ಬಡಿಯುವ ತಾಳದವರು ಇಂದಿಗೂ ಇದ್ದಾರೆ. 1930ರ ದಶಕದ ಆ ಸದ್ದು ಹಾಗೆಯೇ ಉಳಿದುಕೊಂಡಿದೆ.

1992ರಲ್ಲಿ ಸ್ಟೀಲ್‌ಪ್ಯಾನ್ ಟ್ರಿನಿಡಾಡ್ ಮತ್ತು ಟೊಬಾಗೊ ದೇಶದ ರಾಷ್ಟ್ರೀಯ ವಾದ್ಯವೆಂದು ಸಾರಲ್ಪಟ್ಟಿತು. 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಘೋಷಿಸಿತು. ದೇಶದ ರಾಜಲಾಂಛನದಲ್ಲಿ ಕೊಲಂಬಸನ ಮೂರು ಹಡಗುಗಳ ಚಿತ್ರವಿತ್ತು. ಅವನ್ನು ತೆಗೆದು ಸ್ಟೀಲ್‌ಪ್ಯಾನಿನ ಚಿತ್ರವನ್ನಿಡುವ ಮಸೂದೆಯನ್ನು 2025ರಲ್ಲಿ ಅಲ್ಲಿಯ ಸಂಸತ್ತು ಅಂಗೀಕರಿಸಿತು. ಪೊಲೀಸರು ಕಿತ್ತುಕೊಳ್ಳುತ್ತಿದ್ದ ವಸ್ತುಗಳ ವಂಶದಲ್ಲಿ ಹುಟ್ಟಿದ ವಾದ್ಯ ರಾಜಮುದ್ರೆಯನ್ನು ಸೇರಲು ಸುಮಾರು 140 ವರ್ಷಗಳು ಹಿಡಿದವು.

ವಿಜ್ಞಾನಿಗಳು ಈ ವಾದ್ಯವನ್ನು ಪರೀಕ್ಷಿಸತೊಡಗಿದ್ದು ಅದು ಪೂರ್ಣವಾಗಿ ರೂಪುಗೊಂಡ ಮೇಲೆ. ಟ್ರಿನಿಡಾಡಿನಲ್ಲಿಯೇ ಇರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದ ಆಂಥನಿ ಅಚಾಂಗ್, ಅಮೆರಿಕದ ಥಾಮಸ್ ರಾಸಿಂಗ್ ಮೊದಲಾದವರು ಅದರ ಕಂಪನಗಳನ್ನು ಅಳೆದರು. ಲೇಸರ್ ಬೆಳಕಿನಿಂದ ತೆಗೆದ ಚಿತ್ರಗಳಲ್ಲಿ ತಗಡಿನ ಯಾವ ಭಾಗ ಹೇಗೆ ಕಂಪಿಸುತ್ತದೆಂಬುದು ಕಣ್ಣಿಗೆ ಕಾಣಿಸಿತು. ಕೋಲು ತಾಗಿದ ಕ್ಷಣದಲ್ಲಿ ಮೂಲಸ್ವರದಲ್ಲಿದ್ದ ಶಕ್ತಿ ಮರುಗಳಿಗೆಯಲ್ಲಿ ಉಪಸ್ವರಗಳಿಗೆ ಹರಿಯುವುದೂ, ಆ ವಾದ್ಯದ ವಿಶಿಷ್ಟವಾದ ದನಿಗೆ ಇದು ಕಾರಣವಾಗಿರುವುದೂ ತಿಳಿದುಬಂತು. ಇಷ್ಟಾದರೂ ಒಂದು ಒಳ್ಳೆಯ ಪ್ಯಾನನ್ನು ಶ್ರುತಿ ಮಾಡಬೇಕಾದರೆ ಇಂದಿಗೂ ಬೇಕಾದುದು ಸುತ್ತಿಗೆ ಹಿಡಿದ ಕೈ ಮತ್ತು ವರ್ಷಗಟ್ಟಲೆ ಪಳಗಿದ ಕಿವಿ. ಆ ವಿದ್ಯೆಯನ್ನು ಗುರುವಿನ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಇದರ ಮೊದಲ ಪಾಠವನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ಅಂಚು ಹರಿತವಿಲ್ಲದ, ತೆಳುವಾದ, ಚಪ್ಪಟೆಯಾದ ತಗಡಿನ ಮುಚ್ಚಳವೊಂದನ್ನು ತೆಗೆದುಕೊಂಡು ಅಂಚನ್ನು ಸಡಿಲವಾಗಿ ಹಿಡಿದು, ರಬ್ಬರಿರುವ ಪೆನ್ಸಿಲಿನ ತುದಿಯಿಂದ ನಡುವೆ ತಟ್ಟಿ. ಅನಂತರ ಒಂದು ಕಡೆ ಕೆಳಗಿನಿಂದ ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಉಬ್ಬಿಸಿ, ಅದೇ ಜಾಗದಲ್ಲಿ ಮತ್ತೆ ತಟ್ಟಿ. ಸ್ವರ ಬದಲಾದುದು ಕೇಳಿಸುತ್ತದೆ. ಇನ್ನೊಂದು ಕಡೆ ಇನ್ನೊಂದು ಉಬ್ಬನ್ನು ಮಾಡಿ, ಎರಡರ ಸ್ವರಗಳನ್ನು ಹೋಲಿಸಿ ನೋಡಿ. ಎರಡನೆಯ ಸ್ವರ ದೊರೆತ ಜಾಗವನ್ನು ಸೀಮೆಸುಣ್ಣದಿಂದ ಗುರುತು ಹಾಕಿಟ್ಟುಕೊಂಡು ಮೂರನೆಯದನ್ನು ಹುಡುಕಿರಿ.